ಒಂದನೇ ಕ್ಲಾಸಿನ ಮಗುವಿಗೆ ಶಾಲೆ ಶುರುವಾಗುವ ಮುಂಚೆ ಏನೇನು ಕೊಳ್ಳಬೇಕು?

ಮಗಳು ಈ ಜೂನ್‌ಗೆ ಒಂದನೇ ಕ್ಲಾಸು, ಅಂಗಡಿಗೆ ಹೋದರೆ ಕಂಡಿದ್ದೆಲ್ಲ ಬೇಕು ಅನ್ನುತ್ತಾಳೆ, ನಿಜವಾಗಿ ಬೇಕಾಗಿದ್ದು ಯಾವುದು ಅಂತ ಕೇಳಿದ್ದೀರಿ. ನಾನು ಮಲೆನಾಡಿನ ಒಂದು ಶಾಲೆಯಲ್ಲಿ ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುತ್ತೇನೆ. ಹಾಗಾಗಿ ನೀವು ಕಟ್ಟಿ ಕಳಿಸುವ ಬ್ಯಾಗು ಕ್ಲಾಸಿಗೆ ಬಂದ ಮೇಲೆ ಏನಾಗುತ್ತದೆ ಅನ್ನೋದು ಗೊತ್ತು.

ಏನೇ ಕೊಳ್ಳುವಾಗಲೂ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ನನ್ನ ಮಗಳು ತಾನೇ ತೆಗೆದು, ಬಳಸಿ, ಮುಚ್ಚಿ, ವಾಪಸ್ ಬ್ಯಾಗಿಗೆ ಹಾಕಬಲ್ಲಳಾ? ಆಗಲ್ಲ ಅಂದರೆ ಎಷ್ಟೇ ಚೆನ್ನಾಗಿದ್ದರೂ ಬೇಡ.

ಊಟದ ಡಬ್ಬಿಯಿಂದಲೇ ಶುರು ಮಾಡೋಣ, ಮಕ್ಕಳು ಜಾಸ್ತಿ ಕಷ್ಟಪಡುವುದು ಇಲ್ಲೇ. ಸಾಂಬಾರು ಚೆಲ್ಲಬಾರದು ಅಂತ ಮನೆಯವರು ನಾಲ್ಕು ಕಡೆ ಕ್ಲಿಪ್ ಇರುವ, ಗಟ್ಟಿ ರಬ್ಬರಿನ ಡಬ್ಬಿ ತರುತ್ತಾರೆ. ಆರು ವರ್ಷದ ಬೆರಳಿಗೆ ಅದು ಜಗ್ಗುವುದಿಲ್ಲ. ಬೆಲ್ ಆದ ತಕ್ಷಣ ಡಬ್ಬಿ ಹಿಡಿದುಕೊಂಡು ಸಾಲಾಗಿ ನನ್ನ ಮುಂದೆ ನಿಲ್ಲುತ್ತಾರೆ. ಕೊನೆಯಲ್ಲಿ ನಿಂತ ಮಗುವಿಗೆ ಊಟಕ್ಕೆ ಸಮಯವೇ ಉಳಿಯಲ್ಲ. ಕೆಲವು ಮಕ್ಕಳು ಕೇಳೋಕೆ ನಾಚಿಕೊಂಡು ಡಬ್ಬಿಯನ್ನು ಹಾಗೇ ವಾಪಸ್ ಒಯ್ಯುತ್ತವೆ. ಮಗು ಊಟ ಮಾಡ್ತಿಲ್ಲ ಅಂತ ಚಿಂತೆ ಮಾಡುವ ಎಷ್ಟೋ ಮನೆಗಳಲ್ಲಿ ಕಾರಣ ಇಷ್ಟೇ ಇರುತ್ತದೆ. ಅಂಗಡಿಯಲ್ಲೇ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಅವಳ ಕೈಗೆ ಕೊಟ್ಟು ನೋಡಿ. ಸ್ಟೀಲಿನದಾದರೆ ಅಲ್ಲೇ ಮುಚ್ಚಳಕ್ಕೂ ಡಬ್ಬಿಗೂ ಹೆಸರು ಕೊರೆಸಿಬಿಡಿ.

ನೀರಿನ ಬಾಟಲಿ ಅರ್ಧ ಲೀಟರಿನದು ಸಾಕು. ಬಾಯಿ ಅಗಲ ಇರಲಿ, ಒಳಗೆ ಬ್ರಷ್ ಹೋಗಬೇಕು. ಸ್ಟ್ರಾ ಇರುವ ಬಾಟಲಿಗಳು ನೋಡಲು ಚೆಂದ, ಆದರೆ ಆ ಕೊಳವೆಯೊಳಗೆ ಪಾಚಿ ಕಟ್ಟಿದರೆ ಕಾಣೋದೇ ಇಲ್ಲ.

ಬಾಟಲಿಯ ಮಾತು ಬ್ಯಾಗಿನ ತೂಕಕ್ಕೂ ಸೇರಿದ್ದು. 2019ರಲ್ಲಿ ನಮ್ಮ ಕರ್ನಾಟಕ ಸರ್ಕಾರ ಹೊರಡಿಸಿದ ಆದೇಶದಲ್ಲಿ ಒಂದು, ಎರಡನೇ ಕ್ಲಾಸಿನ ಬ್ಯಾಗಿಗೆ ಒಂದೂವರೆಯಿಂದ ಎರಡು ಕಿಲೋ ಮಿತಿ ಇದೆ. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಹೇಳುವುದೂ ಹೆಚ್ಚುಕಡಿಮೆ ಅದನ್ನೇ: ಮಗುವಿನ ತೂಕದ ಶೇಕಡಾ 10ಕ್ಕಿಂತ ಜಾಸ್ತಿ ಹೊರಿಸಬಾರದು. ಈಗ ಲೆಕ್ಕ ಹಾಕಿ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಅರ್ಧ ಮಿತಿ ಅಲ್ಲಿಗೇ ಮುಗಿಯಿತು, ಪುಸ್ತಕ ಇನ್ನೂ ಇಟ್ಟೇ ಇಲ್ಲ! ಅದಕ್ಕೇ ಖಾಲಿ ಬ್ಯಾಗನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ ತೆಗೆದುಕೊಳ್ಳಿ. ಚಕ್ರದ ಬ್ಯಾಗು ಖಾಲಿ ಇದ್ದಾಗಲೇ ಭಾರ, ಶಾಲೆಯ ಮೆಟ್ಟಿಲ ಹತ್ತಿರ ಅದನ್ನು ಎತ್ತಲೇಬೇಕು. ಪಟ್ಟಿ ಅಗಲವಾಗಿ ಮೆತ್ತಗಿರಲಿ. ಬ್ಯಾಗಿನ ತಳ ಸೊಂಟದಿಂದ ಕೆಳಗೆ ಜೋತು ಬೀಳಬಾರದು. ಮುಂದಿನ ವರ್ಷಕ್ಕೂ ಆಗಲಿ ಅಂತ ದೊಡ್ಡದು ತಂದರೆ ಅದು ತುಂಬಿಯೇ ತುಂಬುತ್ತದೆ. ಬಣ್ಣ, ಚಿತ್ರ ಮಾತ್ರ ಅವಳಿಷ್ಟಕ್ಕೇ ಬಿಡಿ. ಶಾಲೆಯ ಮೊದಲ ವಾರದ ಅಳುವಿನ ನಡುವೆ ತಾನೇ ಆರಿಸಿದ ಬ್ಯಾಗು ಎಷ್ಟು ಧೈರ್ಯ ಕೊಡುತ್ತದೆ ಅಂತ ಪ್ರತಿ ವರ್ಷ ನೋಡುತ್ತೇನೆ.

ನೋಟ್‌ಬುಕ್ ಮಾತ್ರ ಈಗಲೇ ಡಜನ್‌ಗಟ್ಟಲೆ ತರಬೇಡಿ. ಸಾಮಾನ್ಯವಾಗಿ ಇಂಗ್ಲಿಷ್‌ಗೆ ನಾಲ್ಕು ಗೆರೆಯದು, ಲೆಕ್ಕಕ್ಕೆ ಚೌಕದ್ದು ಇರುತ್ತದೆ. ಕನ್ನಡಕ್ಕೆ ಎರಡು ಗೆರೆಯದಾ, ಒಂದು ಗೆರೆಯದಾ ಅನ್ನೋದು ಶಾಲೆಯಿಂದ ಶಾಲೆಗೆ ಬೇರೆ. ಗೆರೆ ತಪ್ಪಿದ ಪುಸ್ತಕ ಸುಮ್ನೆ ಮನೆಯಲ್ಲಿ ಬೀಳುತ್ತದೆ. ಶಾಲೆಯವರ ಪಟ್ಟಿ ಬರಲಿ. ಸರ್ಕಾರಿ ಶಾಲೆಯಾದರೆ ಪಠ್ಯಪುಸ್ತಕ, ಸಮವಸ್ತ್ರ, ಶೂ, ಸಾಕ್ಸ್ ವಿದ್ಯಾವಿಕಾಸ ಯೋಜನೆಯಲ್ಲಿ ಉಚಿತವಾಗಿ ಬರುತ್ತವೆ, ಅವಕ್ಕೆ ದುಡ್ಡು ಹಾಕುವ ಮುಂಚೆ ಮುಖ್ಯ ಶಿಕ್ಷಕರನ್ನು ಒಮ್ಮೆ ಕೇಳಿ. ನೀವು ಬೆಂಗಳೂರಿನವರಾದರೆ, ಪಟ್ಟಿ ಬಂದ ಮೇಲೆ ಎರಡು ಮೂರು ಮನೆಯವರು ಸೇರಿ ಅವೆನ್ಯೂ ರಸ್ತೆಯಲ್ಲಿ ಬಂಡಲ್ ತಂದು ಹಂಚಿಕೊಳ್ಳಬಹುದು.

ಪೆನ್ಸಿಲ್ ದಪ್ಪಗೆ, ಮೂರು ಮೂಲೆಯದಾಗಿದ್ದರೆ ಪುಟ್ಟ ಕೈಗೆ ಹಿಡಿತ ಸುಲಭ. ಒತ್ತಿ ಒತ್ತಿ ಬರೆದು ಕೈ ನೋಯುತ್ತದೆ ಅನ್ನುವ ಮಗುವಿಗೆ ಎಚ್‌ಬಿ ಬದಲು 2ಬಿ ಕೊಡಿ, ಅದರ ಸೀಸ ಮೃದು. ಆದರೆ ದಪ್ಪ ಪೆನ್ಸಿಲ್ ಎಲ್ಲ ಮೆಂಡರಿಗೂ ಹೋಗಲ್ಲ, ದೊಡ್ಡ ತೂತಿನ ಮೆಂಡರ್ ಜೊತೆಗೇ ತನ್ನಿ. ಗುಂಡಿ ಒತ್ತಿದರೆ ತೆರೆಯುವ ಮ್ಯಾಗ್ನೆಟ್ ಬಾಕ್ಸು ಬೇಡ ಅಂತ ಕೈಮುಗಿದು ಕೇಳುತ್ತೇನೆ. ಪಾಠದ ಮಧ್ಯೆ ಅದೇ ಆಟವಾಗುತ್ತದೆ, ಬಿದ್ದರೆ ಇಡೀ ಕ್ಲಾಸು ತಿರುಗುತ್ತದೆ. ಜಿಪ್ ಇರುವ ಬಟ್ಟೆಯ ಪೌಚು, ಅದರಲ್ಲಿ ಎರಡು ಪೆನ್ಸಿಲ್, ಒಂದು ಬಿಳಿ ರಬ್ಬರ್, ಒಂದು ಮೆಂಡರ್. ಉಳಿದದ್ದು ಮನೆಯಲ್ಲಿರಲಿ. ಹಣ್ಣಿನ ವಾಸನೆಯ ರಬ್ಬರನ್ನು ಮಕ್ಕಳು ಬಾಯಿಗೆ ಹಾಕುತ್ತಾರೆ.

ಬಾಯಿಗೆ ಹಾಕುವ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಮನೆಯಲ್ಲಿ ಬರೆಯಲು ಸ್ಲೇಟು, ಬಳಪ ಕೊಡಿ, ಈಗಲೂ ಅದಕ್ಕಿಂತ ಒಳ್ಳೆಯದು ಕಂಡಿಲ್ಲ. ತಪ್ಪಾದರೆ ಒರೆಸಿದರಾಯಿತು, ಮಗುವಿಗೆ ಭಯವೇ ಇಲ್ಲ. ಆದರೆ ಮಗು ಪದೇಪದೇ ಬಳಪ ತಿನ್ನುತ್ತಿದ್ದರೆ ಬೈಯಬೇಡಿ, ಡಾಕ್ಟರಿಗೆ ತೋರಿಸಿ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದಾಗ ಮಕ್ಕಳು ಹೀಗೆ ಮಾಡುವುದುಂಟು.

ಶೂ ಕೊಳ್ಳಲು ಸಂಜೆ ಹೋಗಿ, ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಸಾಕ್ಸ್ ಹಾಕಿಸಿ, ನಿಲ್ಲಿಸಿ ನೋಡಿ. ಬೆರಳಿನ ಮುಂದೆ ನಿಮ್ಮ ಹೆಬ್ಬೆರಳಿನ ಅಗಲದಷ್ಟು ಜಾಗ ಇದ್ದರೆ ಸಾಕು. ಲೇಸ್ ಬೇಡ, ವೆಲ್ಕ್ರೋ ಪಟ್ಟಿಯದೇ ಇರಲಿ.

ಮಳೆಗೆ ಕೊಡೆಗಿಂತ ರೇನ್‌ಕೋಟ್ ವಾಸಿ, ಎರಡು ಕೈಯೂ ಖಾಲಿ ಇರುತ್ತದೆ. ಬೆನ್ನಿನ ಬ್ಯಾಗನ್ನೂ ಮುಚ್ಚುವಷ್ಟು ಅಗಲದ್ದು, ಹಳದಿಯೋ ಕಿತ್ತಳೆಯೋ ತೆಗೆದುಕೊಳ್ಳಿ, ಮಬ್ಬಿನಲ್ಲಿ ಗಾಡಿಯವರಿಗೆ ದೂರದಿಂದ ಕಾಣಬೇಕು. ಬ್ಯಾಗಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಜೊತೆ ಒಣಗಿದ ಸಾಕ್ಸ್, ಒಂದು ಚಡ್ಡಿ ಇಟ್ಟಿರಿ. ಮೊದಲ ತಿಂಗಳು ಬಾತ್‌ರೂಮಿಗೆ ಹೋಗಬೇಕು ಅಂತ ಕೇಳಲು ಹೆದರುವ ಮಕ್ಕಳು ತುಂಬಾ ಇರುತ್ತಾರೆ. ಆ ಕವರು ಬ್ಯಾಗಿನಲ್ಲಿ ಎಲ್ಲಿದೆ ಅಂತ ಮಗಳಿಗೂ ಟೀಚರಿಗೂ ಹೇಳಿರಿ.