ರಾಬರ್ಟ್ ಬರ್ಡ್ ಲೇಖನ: ಆ ಒಂದು ಸಾಲನ್ನು ಬಿಡಿಸಿ ಬರೆಯಿರಿ

ನಮಸ್ಕಾರ,

ಅಮೆರಿಕದ ಸೆನೆಟರ್ ರಾಬರ್ಟ್ ಬರ್ಡ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ವ್ಯಕ್ತಿಯ ಆಯ್ಕೆ ತುಂಬ ಚೆನ್ನಾಗಿದೆ.

ನೀವು 1917ರ ಹುಟ್ಟಿನಿಂದ ಹೊರಟು 2010ರ ಸಾವಿಗೆ ನಿಲ್ಲಿಸಿದ್ದೀರಿ. ನಡುವೆ ಬರೀ ಹುದ್ದೆಗಳು. ಸೆನೆಟ್‌ನಲ್ಲೇ 51 ವರ್ಷ ಇದ್ದರು, ಸರಿ. ಅವರ ರಾಜ್ಯ ವೆಸ್ಟ್ ವರ್ಜೀನಿಯಾದ ಜನ ಅವರನ್ನೇ ಯಾಕೆ ಮತ್ತೆ ಮತ್ತೆ ಗೆಲ್ಲಿಸಿದರು ಅನ್ನುವುದು ಓದುಗರಿಗೆ ತಿಳಿಯಬೇಕಲ್ವಾ?

ನನಗೆ ಬೇಸರ ತಂದದ್ದು ಇದು. 'ಯೌವನದಲ್ಲಿ ಕೆಲವು ತಪ್ಪು ಹೆಜ್ಜೆ ಇಟ್ಟರು' ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಆ ಹೆಜ್ಜೆ ಕು ಕ್ಲಕ್ಸ್ ಕ್ಲಾನ್. ಕಪ್ಪು ಜನರನ್ನು ಹೆದರಿಸಿ, ಹೊಡೆದು, ಕೊಂದ ಸಂಘಟನೆ ಅದು. 1940ರ ದಶಕದಲ್ಲಿ ಬರ್ಡ್ ಅದಕ್ಕೆ ಸೇರಿದ್ದು ಮಾತ್ರವಲ್ಲ, ಜನರನ್ನೂ ಸೇರಿಸಿದರು. ಯೌವನದ ಮಾತೂ ನಿಲ್ಲುವುದಿಲ್ಲ. 1964ರ ಜೂನ್‌ನಲ್ಲಿ, ಜನಾಂಗ ಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಮಸೂದೆಯನ್ನು ತಡೆಯಲು ಸೆನೆಟ್‌ನಲ್ಲಿ ರಾತ್ರಿಯಿಡೀ, 14 ಗಂಟೆಗೂ ಜಾಸ್ತಿ ಹೊತ್ತು ಮಾತಾಡಿದಾಗ ಅವರಿಗೆ 46 ವರ್ಷ. ಅವರು ಕೂತ ಮೇಲೆ ಸೆನೆಟ್ 71–29 ಮತಗಳಿಂದ ಚರ್ಚೆಗೆ ತೆರೆ ಎಳೆಯಿತು. ಮರುವರ್ಷ ಮತದಾನದ ಹಕ್ಕಿನ ಮಸೂದೆಗೂ ಅವರು ವಿರುದ್ಧವಾಗಿಯೇ ಮತ ಹಾಕಿದರು.

ಇದೇ ಮನುಷ್ಯ ಕ್ಲಾನ್ ಬಗ್ಗೆ ಆಮೇಲೆ ಎಷ್ಟೋ ಸಲ ಬಹಿರಂಗವಾಗಿ ಕ್ಷಮೆ ಕೇಳಿದರು. 2008ರಲ್ಲಿ ಅವರ ರಾಜ್ಯದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, ಹಿಲರಿ ಕ್ಲಿಂಟನ್ ಭಾರಿ ಅಂತರದಿಂದ ಗೆದ್ದರು. ಆದರೂ ಕೆಲವೇ ದಿನಗಳಲ್ಲಿ ಬರ್ಡ್ ಅವರ ಎದುರಾಳಿ, ಕಪ್ಪು ಅಭ್ಯರ್ಥಿ ಒಬಾಮಾಗೆ ಬೆಂಬಲ ಘೋಷಿಸಿದರು. ಈ ಬದಲಾವಣೆ ಮನಸ್ಸಿನದೋ, ಕಾಲದ ಒತ್ತಡದ್ದೋ? ನೀವು ತೀರ್ಪು ಕೊಡಲೇಬೇಕೆಂದಿಲ್ಲ. ಆದರೆ ಮೊದಲ ಅರ್ಧ ಮುಚ್ಚಿಟ್ಟರೆ ಎರಡನೆಯ ಅರ್ಧಕ್ಕೆ ಬೆಲೆಯೇ ಇರುವುದಿಲ್ಲ.

'ರಾಜ್ಯಕ್ಕೆ ಅಪಾರ ಅನುದಾನ ತಂದರು' ಎನ್ನುವುದೂ ಸುಮ್ನೆ ತೇಲಿಸಿದ ಮಾತು. ಹೇಗೆ ತಂದರು ಹೇಳಿ. ಸೆನೆಟ್‌ನಲ್ಲಿ ತಮ್ಮ ಪಕ್ಷದ ನಾಯಕನ ಸ್ಥಾನ ಬಿಟ್ಟು 1989ರಲ್ಲಿ ಅವರು ಹಣ ಹಂಚುವ ಅಪ್ರೋಪ್ರಿಯೇಷನ್ಸ್ ಸಮಿತಿಯ ಅಧ್ಯಕ್ಷರಾದರು. ಸರ್ಕಾರದ ಖರ್ಚಿನ ಮಸೂದೆಗಳು ಆ ಮೇಜು ದಾಟಿಯೇ ಹೋಗಬೇಕು. ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಬೆರಳಚ್ಚು ವಿಭಾಗ ಅವರ ರಾಜ್ಯದ ಕ್ಲಾರ್ಕ್ಸ್‌ಬರ್ಗ್‌ಗೆ ಬಂದದ್ದು ಹಾಗೆ. ಅಲ್ಲಿನದೇ ಗ್ರೀನ್ ಬ್ಯಾಂಕ್ ಊರಿನ ದೈತ್ಯ ರೇಡಿಯೋ ದೂರದರ್ಶಕಕ್ಕೆ ಅವರ ಹೆಸರೇ ಇದೆ. ಇಷ್ಟೆಲ್ಲ ಬಂದರೂ ಕಲ್ಲಿದ್ದಲಿನ ಆ ರಾಜ್ಯ ಬಡ ರಾಜ್ಯಗಳ ಸಾಲಿನಲ್ಲೇ ಯಾಕೆ ಉಳಿಯಿತು? ಈ ಪ್ರಶ್ನೆಯನ್ನು ನೀವು ಕೇಳಲೇಬೇಕು.

ಬಾಲ್ಯದ ಭಾಗ ಮುಟ್ಟಬೇಡಿ. 1918ರ ಇನ್‌ಫ್ಲುಯೆಂಜಾದಲ್ಲಿ ತಾಯಿ ತೀರಿಕೊಂಡದ್ದು, ಬಂಧುಗಳು ಸಾಕಿಕೊಂಡದ್ದು, ಪೆಟ್ರೋಲ್ ಬಂಕ್‌ನ ಕೆಲಸ, ಮಾಂಸ ಕತ್ತರಿಸುವ ಕೆಲಸ, ಸೆನೆಟರ್ ಆಗಿದ್ದುಕೊಂಡೇ ರಾತ್ರಿ ತರಗತಿಗೆ ಹೋಗಿ 1963ರಲ್ಲಿ ಪಡೆದ ಕಾನೂನು ಪದವಿ. ಇಲ್ಲಿ ನಿಮ್ಮ ಭಾಷೆ ನಿಜಕ್ಕೂ ಉಸಿರಾಡುತ್ತದೆ. 'ಧೀಮಂತ', 'ಅಪ್ರತಿಮ' ಎಲ್ಲೂ ಇಲ್ಲ. ಇರಾಕ್ ಯುದ್ಧದ ವಿರುದ್ಧ 2003ರಲ್ಲಿ ಅವರು ಮಾಡಿದ ಭಾಷಣವನ್ನೂ ಹೀಗೇ ಬರೆಯಿರಿ. ಈಗ ಅದು ಒಂದೇ ವಾಕ್ಯದಲ್ಲಿ ಮುಗಿದುಹೋಗಿದೆ.

1964ರ ಆ ರಾತ್ರಿಯಿಂದ ಶುರು ಮಾಡಿ, ಅಲ್ಲಿಂದ ಬಾಲ್ಯಕ್ಕೆ ಹೋಗಿ, ಮತ್ತೆ ಕಳಿಸಿ. ಹುದ್ದೆಗಳ ಪಟ್ಟಿಯನ್ನು ಪಕ್ಕದಲ್ಲಿ ಚಿಕ್ಕ ಬಾಕ್ಸ್ ಮಾಡಿ ಹಾಕೋಣ.

ಸಂಪಾದಕ