ಸೇಬಾ, ಸೀಬೆಯಾ?

ಪ್ರಶ್ನೆ: ನನಗೆ 66 ವರ್ಷ. ನಮ್ಮ ಹಿತ್ತಲಲ್ಲಿ ಒಂದು ಸೀಬೆ ಮರ ಇದೆ. ಈ ಸಲ ಕೊಂಬೆ ಮುರಿಯುವ ಹಾಗೆ ಕಾಯಿ ಬಿಟ್ಟಿದೆ. ಗಿಳಿ ತಿಂದು, ಅಳಿಲು ತಿಂದು, ಮಿಕ್ಕಿದ್ದು ಉದುರಿ ಕೊಳೆಯುತ್ತಿದೆ. ಸೊಸೆ ಮಾತ್ರ ಪೇಟೆಯಿಂದ ಕೆಜಿಗೆ 240 ರೂಪಾಯಿ ಕೊಟ್ಟು ಸೇಬು ತರುತ್ತಾಳೆ. 6 ವರ್ಷದ ಮೊಮ್ಮಗನಿಗೆ ನಾನು ಸೀಬೆ ಕೊಟ್ಟರೆ ‘ಶೀತ ಆಗುತ್ತೆ ಅತ್ತೆ, ಬೀಜ ಹೊಟ್ಟೆಯಲ್ಲಿ ನಿಲ್ಲುತ್ತೆ’ ಅಂತ ಅವನ ಕೈಯಿಂದ ಕಿತ್ತುಕೊಳ್ಳುತ್ತಾಳೆ. ಯಾವುದರಲ್ಲಿ ಸತ್ವ ಜಾಸ್ತಿ? ಎರಡೂ ಒಳ್ಳೆಯದೇ ಅಂತ ಹೇಳಿ ಜಾರಿಕೊಳ್ಳಬೇಡಿ.
– ಒಬ್ಬ ಅಜ್ಜಿ, ತಿಪಟೂರು

ಉತ್ತರ: ಜಾರಿಕೊಳ್ಳುವುದಿಲ್ಲ ಅಮ್ಮಾ. ಸೀಬೆ.

ಲೆಕ್ಕ ಬೇಕು ಅಂದರೆ ಕೇಳಿ. 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂ ಮೇಲೆಯೇ ವಿಟಮಿನ್ ಸಿ ಇರುತ್ತದೆ. ತಳಿ ಯಾವುದು, ಎಷ್ಟು ಹಣ್ಣಾಗಿದೆ ಅನ್ನುವುದರ ಮೇಲೆ ಹೆಚ್ಚುಕಡಿಮೆ ಆಗಬಹುದು. ಅಷ್ಟೇ ತೂಕದ ಸೇಬಿನಲ್ಲಿ ಇರುವುದು 4-5 ಮಿಲಿಗ್ರಾಂ. ಅಂದರೆ ನಿಮ್ಮ ಮರದ ಒಂದು ಸಣ್ಣ ಹಣ್ಣಿನಲ್ಲಿ ಇರುವಷ್ಟು ವಿಟಮಿನ್ ಸಿ ಸೇಬಿನಿಂದಲೇ ಬರಬೇಕು ಅಂದರೆ ಹತ್ತಿರ ಹತ್ತಿರ 5 ಕೆಜಿ ಸೇಬು ತಿನ್ನಬೇಕು. ನಿಮ್ಮ ಸೊಸೆ ಕೊಡುವ ದರದಲ್ಲಿ 1,200 ರೂಪಾಯಿ ಆಯಿತು. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ನಿಮ್ಮ ಮೊಮ್ಮಗನಿಗೆ ಇನ್ನೂ ಕಡಿಮೆ, ಅರ್ಧ ಸೀಬೆ ತಿಂದರೂ ಆ ದಿನದ ಪಾಲು ಮುಗಿಯಿತು.

ನಾರಿನಲ್ಲೂ ಸೀಬೆಯೇ ಮುಂದೆ. 100 ಗ್ರಾಂಗೆ 5 ಗ್ರಾಂ ಚಿಲ್ಲರೆ. ಸೇಬಿನಲ್ಲಿ ಸಿಪ್ಪೆ ಸಮೇತ ತಿಂದರೆ ಎರಡೂವರೆ ಗ್ರಾಂ ಹತ್ತಿರ. ಸಿಪ್ಪೆ ಹೆರೆದು ಬಿಸಾಡಿದರೆ ಅದರಲ್ಲಿ ಅರ್ಧ ಹೋಯಿತು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಸೇಬು ಕೊಡುವುದು ಹೇಗೆ ಗೊತ್ತಲ್ಲ, ಸಿಪ್ಪೆ ತೆಗೆದು, ಬಿಳಿ ಬಿಳಿ ಹೋಳು ಮಾಡಿ, ಡಬ್ಬಿಗೆ ಹಾಕಿ, ಮಧ್ಯಾಹ್ನಕ್ಕೆ ಅದು ಕಂದು ಬಣ್ಣ ತಿರುಗಿ, ಸಂಜೆ ಹಾಗೇ ವಾಪಸ್ ಬರುವುದು!

ಸೀಬೆಯ ನಿಜವಾದ ಉಪಯೋಗ ಇರುವುದು ಊಟದ ಜೊತೆ. ನಮ್ಮ ಕಡೆ ಊಟ ಅಂದರೆ ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು. ಇವುಗಳಲ್ಲಿ ಕಬ್ಬಿಣದ ಅಂಶ ಇದೆ, ಆದರೆ ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಚೆನ್ನಾಗಿ ಹತ್ತುತ್ತದೆ. ಊಟ ಆದ ತಕ್ಷಣ ಟೀ ಕುಡಿದರೆ ಉಲ್ಟಾ, ಇದ್ದದ್ದೂ ತಡೆದು ನಿಲ್ಲುತ್ತದೆ. ಹಾಗಾಗಿ ಮೊಮ್ಮಗನಿಗೆ ಮಾತ್ರ ಅಲ್ಲ, ನೀವೂ ನಿಮ್ಮ ಸೊಸೆಯೂ ಮಧ್ಯಾಹ್ನ ತಟ್ಟೆ ಎತ್ತುವ ಮೊದಲು ಎರಡು ಹೋಳು ಸೀಬೆ ತಿನ್ನಿ, ಟೀ ಒಂದು ಗಂಟೆ ಬಿಟ್ಟು ಕುಡಿಯಿರಿ. ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ಯಾವ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಬೇಕಾದರೂ ಕೇಳಿ.

ಇನ್ನು ಶೀತದ ವಿಷಯ. ನೆಗಡಿ ಬರುವುದು ವೈರಸ್‌ನಿಂದ, ಸೀಬೆಯಿಂದ ಅಲ್ಲ. ಸೀಬೆ ಜಾಸ್ತಿ ಸಿಗುವುದು ಮಳೆಗಾಲದಲ್ಲಿ, ಆಮೇಲೆ ಚಳಿಗಾಲದಲ್ಲಿ. ಮಕ್ಕಳ ಮೂಗು ಸೋರುವುದೂ ಆಗಲೇ ಅಲ್ವಾ? ಪಾಪ, ಹಣ್ಣಿನ ತಲೆಗೆ ಕಟ್ಟುತ್ತೇವೆ. ಬೀಜ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಹೇಗೆ ಹೋಯಿತೋ ಹಾಗೇ ಹೊರಗೆ ಬರುತ್ತದೆ. ಆದರೆ ಸೊಸೆಯ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಒಂದೇ ಸಲ ಐದಾರು ಹಣ್ಣು ತಿಂದು ನೀರು ಕುಡಿಯದೆ ಇದ್ದರೆ ಮಕ್ಕಳಿಗೆ ಹೊಟ್ಟೆ ಕಟ್ಟುವುದು ಉಂಟು. ಬೀಜ ಗಟ್ಟಿಯಾಗಿದ್ದರೆ ನಡುವಿನ ತಿರುಳನ್ನು ಚಮಚದಲ್ಲಿ ತೆಗೆದುಬಿಡಿ, ಸುತ್ತ ಉಳಿಯುವ ದಪ್ಪ ಭಾಗದಲ್ಲಿ, ಸಿಪ್ಪೆಯಲ್ಲಿ ಬೇಕಾದಷ್ಟು ಸತ್ವ ಇದೆ. ನಿಮ್ಮ ವಯಸ್ಸಿಗೂ ಇದೇ ಒಳ್ಳೆಯದು. ನನ್ನ ದವಡೆ ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಕಿತ್ತು ಬಂದದ್ದು ಸೀಬೆ ಬೀಜ ಕಡಿದಾಗಲೇ.

ಒಂದು ಎಚ್ಚರಿಕೆ. ಗಿಳಿ ಕಚ್ಚಿದ ಹಣ್ಣು ಸಿಹಿ ಅಂತ ನಾವೆಲ್ಲ ಚಿಕ್ಕವರಿದ್ದಾಗ ಹುಡುಕಿ ಹುಡುಕಿ ತಿಂದಿದ್ದೇವೆ. ಈಗ ಬೇಡ. ಕಚ್ಚಿದ್ದು ಗಿಳಿಯೋ ಬಾವಲಿಯೋ ಯಾರಿಗೆ ಗೊತ್ತು? 2018ರಲ್ಲಿ ಕೇರಳದ ಕೋಯಿಕ್ಕೋಡ್ ಕಡೆ ಬಾವಲಿಯಿಂದ ಹರಡುವ ನಿಪಾ ಸೋಂಕು ಬಂದಾಗಿನಿಂದ ಕಚ್ಚಿದ ಹಣ್ಣು ಮುಟ್ಟಬೇಡಿ ಅಂತ ಹೇಳುತ್ತಲೇ ಇದ್ದಾರೆ. ಮಳೆಗಾಲದ ಹಣ್ಣಿನಲ್ಲಿ ಹುಳ ಇರುತ್ತದೆ, ಹಣ್ಣು ನೊಣ ಕಾಯಿಯಲ್ಲೇ ಮೊಟ್ಟೆ ಇಟ್ಟಿರುತ್ತದೆ. ಇಡೀ ಹಣ್ಣು ಕೊಡಬೇಡಿ, ಕತ್ತರಿಸಿ ನೋಡಿ ಕೊಡಿ.

ಹಾಗಾದರೆ ಸೇಬು ದಂಡವಾ? ಅಲ್ಲ. ಸಿಪ್ಪೆಯಲ್ಲಿ ಮೈಗೆ ಒಳ್ಳೆಯದು ಮಾಡುವ ಅಂಶಗಳಿವೆ, ಪೆಕ್ಟಿನ್ ಅನ್ನುವ ಮೃದು ನಾರಿದೆ. ಜ್ವರ ಬಂದು ಎದ್ದವರಿಗೆ, ಭೇದಿ ಆದವರಿಗೆ, 6 ತಿಂಗಳು ತುಂಬಿದ ಕೂಸಿಗೆ ಬೇಯಿಸಿ ಮಸೆದ ಸೇಬು ತುಂಬಾ ಹಗುರ. ಸೀಬೆಯನ್ನು ಹಾಗೆ ಕೊಡಲು ಆಗುವುದಿಲ್ಲ. ಆದರೆ ಸೇಬಿನ ಮರ್ಯಾದೆ ಅದರ ಸತ್ವಕ್ಕಿಂತ ದೊಡ್ಡದಾಗಿ ಬೆಳೆದುಬಿಟ್ಟಿದೆ. ಕಾಶ್ಮೀರದಿಂದಲೋ ಹಿಮಾಚಲದಿಂದಲೋ ಬರಬೇಕು, ಬೆಲೆ ಜಾಸ್ತಿ, ಮೇಲೆ ಸ್ಟಿಕರ್ ಬೇರೆ. ಇಂಗ್ಲಿಷ್ ಕಲಿಯುವ ಮಗು ಮೊದಲು ಹೇಳುವುದೇ ಎ ಫಾರ್ ಆ್ಯಪಲ್. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವಾಗ ಯಾರಾದರೂ ಸೀಬೆಹಣ್ಣು ಕಟ್ಟಿಸಿಕೊಂಡು ಹೋಗಿದ್ದನ್ನು ನೀವು ನೋಡಿದ್ದೀರಾ?

ಈ ಪುಟವನ್ನು ಸೊಸೆಗೆ ತೋರಿಸುವಾಗ ಮಾತ್ರ ಸ್ವಲ್ಪ ಮೆಲ್ಲಗೆ ಅಮ್ಮಾ. ನಾನು ಗೆದ್ದೆ ಅನ್ನುವ ಹಾಗೆ ಬೇಡ.

ಪ್ರಶ್ನೆ: ನನಗ ಶುಗರ್ ಅದ. ಡಾಕ್ಟರು ದಿನಾ ಒಂದು ಹಣ್ಣು ತಿನ್ನರಿ ಅಂದಾರ. ಪೇರಲ ತಿನ್ನಲೋ ಸೇಬು ತಿನ್ನಲೋ? ಜ್ಯೂಸ್ ಮಾಡಿದರ ನಡೀತದೇನು?
– ಒಬ್ಬ ಓದುಗರು, ಧಾರವಾಡ

ಉತ್ತರ: ಸಕ್ಕರೆ ಲೆಕ್ಕದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲರೀ. 100 ಗ್ರಾಂಗೆ ಪೇರಲದಲ್ಲಿ 9 ಗ್ರಾಂ, ಸೇಬಿನಲ್ಲಿ 10 ಗ್ರಾಂ ಹತ್ತಿರ. ಆದರೆ ಪೇರಲದ ನಾರು ಜಾಸ್ತಿ ಇರುವುದರಿಂದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ, ಹೊಟ್ಟೆಯೂ ತುಂಬಿದ ಹಾಗಿರುತ್ತದೆ. ಪೂರ್ತಿ ಹಣ್ಣಾಗಿ ಘಮ ಬರುವುದಕ್ಕಿಂತ ದೋರೆಗಾಯಿ ಆರಿಸಿ, ಕಚ್ಚಿದರೆ ಕಟುಕ್ ಅನ್ನಬೇಕು. ದಿನಕ್ಕೆ ಒಂದು, ಸಣ್ಣದು. ಜ್ಯೂಸ್ ಬೇಡವೇ ಬೇಡ. ಸೋಸಿದರೆ ನಾರೆಲ್ಲ ಜಾಲರಿಯ ಮೇಲೆ ನಿಲ್ಲುತ್ತದೆ, ಸಕ್ಕರೆ ಎಲ್ಲ ಲೋಟದಲ್ಲಿ.

ಪ್ರಶ್ನೆ: ನಮ್ಮ ಯಜಮಾನರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತಿದೆ. ಪೇರಳೆ ಅವರಿಗೆ ಪ್ರಾಣ. ಅದರಲ್ಲಿ ಸತ್ವ ಜಾಸ್ತಿ ಅಂತ ನೆಂಟರು ಬೇರೆ ತಂದು ಕೊಡುತ್ತಾರೆ. ಕೊಡಬಹುದಾ?
– ಒಬ್ಬರು ಗೃಹಿಣಿ, ಪುತ್ತೂರು

ಉತ್ತರ: ದಯವಿಟ್ಟು ನಿಲ್ಲಿಸಿ. ಮೇಲೆ ಸೀಬೆಯನ್ನು ಅಷ್ಟು ಹೊಗಳಿದ ನಾನೇ ಹೇಳುತ್ತಿದ್ದೇನೆ, ನಿಮ್ಮ ಮನೆಗೆ ಸೇಬೇ ಸರಿ. ಕಾರಣ ಪೊಟ್ಯಾಷಿಯಂ. 100 ಗ್ರಾಂ ಪೇರಳೆಯಲ್ಲಿ ಅದು 400 ಮಿಲಿಗ್ರಾಂ ದಾಟುತ್ತದೆ, ಸೇಬಿನಲ್ಲಿ 100ರ ಆಸುಪಾಸು. ಕಿಡ್ನಿ ಚೆನ್ನಾಗಿದ್ದವರಿಗೆ ಪೊಟ್ಯಾಷಿಯಂ ಒಳ್ಳೆಯದೇ, ಬಿಪಿಗೂ ಸಹಾಯ. ಕಿಡ್ನಿ ಕೆಲಸ ಮಾಡದಿದ್ದರೆ ಹೆಚ್ಚಾದದ್ದು ಹೊರಗೆ ಹೋಗುವುದಿಲ್ಲ, ರಕ್ತದಲ್ಲೇ ಉಳಿದು ಹೃದಯದ ಬಡಿತಕ್ಕೇ ಏಟು ಕೊಡುತ್ತದೆ. ನೆಂಟರು ತರುವ ಎಳನೀರಿಗೂ ಬಾಳೆಹಣ್ಣಿಗೂ ಇದೇ ಮಾತು. ನಿಮ್ಮ ಕಡೆ ಇನ್ನೊಂದಿದೆ, ದಾರೆಹುಳಿ, ಅಂದರೆ ಸ್ಟಾರ್ ಫ್ರೂಟ್. ಕಿಡ್ನಿ ಕೆಟ್ಟವರಿಗೆ ಅದು ವಿಷವೇ ಸರಿ, ಉಪ್ಪಿನಕಾಯಿಯಲ್ಲೂ ಸಾರಿನಲ್ಲೂ ಬೇಡ. ಸೇಬು ಕೂಡ ಎಷ್ಟು ಅಂತ ಡಯಾಲಿಸಿಸ್ ಡಾಕ್ಟರನ್ನೇ ಕೇಳಿ, ಅವರ ರಕ್ತದ ರಿಪೋರ್ಟ್ ನೋಡಿ ಹೇಳುತ್ತಾರೆ. ಆಸೆಪಡುವವರ ಮುಂದೆ ಬೇಡ ಅನ್ನುವುದು ಕಷ್ಟ, ಗೊತ್ತು.

ಪ್ರಶ್ನೆ: ಒಳಗೆ ಕೆಂಪಗಿರುವ ಸೀಬೆಗೆ ಬೆಲೆ ಜಾಸ್ತಿ. ಅದರಲ್ಲಿ ಏನಾದರೂ ವಿಶೇಷ ಇದೆಯಾ, ಸುಮ್ನೆ ಬಣ್ಣವಾ?
– ಕಾಲೇಜು ವಿದ್ಯಾರ್ಥಿ, ಕೋಲಾರ

ಉತ್ತರ: ಇದೆ. ಆ ಕೆಂಪು ಲೈಕೋಪೀನ್‌ನದ್ದು, ಟೊಮೆಟೊಗೆ ಬಣ್ಣ ಕೊಡುವುದೂ ಅದೇ. ಬಿಳಿ ಸೀಬೆಯಲ್ಲಿ ಅದು ಇಲ್ಲ ಅನ್ನುವಷ್ಟು ಕಡಿಮೆ. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಕಿರಣ್ ಅನ್ನುವ ತಳಿ ಇದೆಯಲ್ಲ, ಅದು ಇದಕ್ಕೇ ಹೆಸರುವಾಸಿ. ಆದರೆ ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಬಿಳಿಯದನ್ನೇ ತಿನ್ನಿ, ವಿಟಮಿನ್ ಸಿ ಅದರಲ್ಲೂ ಬೇಕಾದಷ್ಟಿದೆ.

ಪ್ರಶ್ನೆ: ಗಾಡಿಯವನು ಉಪ್ಪು ಖಾರ ಸವರಿ ಕೊಟ್ಟರೆ ಸೀಬೆಯ ಸತ್ವ ಹೋಗುತ್ತದಾ?
– ಅದೇ ವಿದ್ಯಾರ್ಥಿ

ಉತ್ತರ: ಹೋಗುವುದಿಲ್ಲ ಮಾರಾಯ, ತಿನ್ನು. ಮನೆಯಲ್ಲಿ ಬಿಪಿ ಇರುವವರಿಗೆ ತೆಗೆದುಕೊಂಡು ಹೋಗುವುದಾದರೆ ಉಪ್ಪು ಬೇಡ ಅನ್ನು. ಗಾಜಿನ ಡಬ್ಬದಲ್ಲಿ ಬೆಳಿಗ್ಗೆಯಿಂದ ಹೆಚ್ಚಿ ಇಟ್ಟದ್ದನ್ನು ಮಾತ್ರ ತೆಗೆದುಕೊಳ್ಳಬೇಡ. ಗಾಳಿಗೆ ಬಿಟ್ಟಷ್ಟೂ ವಿಟಮಿನ್ ಸಿ ಕರಗುತ್ತದೆ, ನೊಣ ಕೂತಿರುತ್ತದೆ ಅನ್ನುವುದು ಬೇರೆ. ಇಡೀ ಕಾಯಿ ಆರಿಸಿ ಕೊಡು, ಎದುರಿಗೇ ನಾಲ್ಕು ಸೀಳು ಹಾಕಿಸು. ಚಾಕು ತೊಳೆಯಣ್ಣ ಅಂತ ಹೇಳುವುದಕ್ಕೂ ನಾಚಿಕೆಪಡಬೇಡ.