ಗುಜರಿಯಿಂದ ಕಬ್ಬಿಣ ತನ್ನಿ, ರಬ್ಬರ್ ಬೇಡ

ಪ್ರಶ್ನೆ: ನನ್ನದು 1999ರ ಮಾರುತಿ 800. ತಂದೆಯವರು ಕೊಂಡ ಕಾರು, ಮಾರಲು ಮನಸ್ಸಿಲ್ಲ. ವಾರಕ್ಕೆ ನಾಲ್ಕು ದಿನ ಕೊಪ್ಪದಿಂದ ಶೃಂಗೇರಿಗೆ ಹೋಗಿಬರುತ್ತೇನೆ. ತಿರುವಿನಲ್ಲಿ ಕಾರು ತುಂಬಾ ವಾಲುತ್ತದೆ. ಗುಂಡಿಗೆ ಇಳಿದರೆ ಮುಂದಿನ ಎಡಗಡೆ ‘ದಡ್’ ಎಂದು ಸದ್ದಾಗುತ್ತದೆ. ದೊಡ್ಡ ಕಾರಿನ ಗಟ್ಟಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳನ್ನು ಗುಜರಿಯಿಂದ ತಂದು ಹಾಕಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. 10,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವ ಸ್ಥಿತಿಯಲ್ಲಿಲ್ಲ. ಏನು ಮಾಡಲಿ?
– ಓದುಗರು, ಕೊಪ್ಪ

ಉತ್ತರ: ಗೆಳೆಯರ ಮಾತು ಕೇಳಿ ಸ್ಪ್ರಿಂಗ್ ಹುಡುಕಲು ಹೊರಡುವ ಮೊದಲು ಒಂದು ಪರೀಕ್ಷೆ ಮಾಡಿ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ. ಒಬ್ಬರು ಒಳಗೆ ಕುಳಿತು ಬ್ರೇಕ್ ಒತ್ತಿಹಿಡಿಯಲಿ, ಇನ್ನೊಬ್ಬರು ಕಾರನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಲಿ. ನೀವು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಚಕ್ರದ ಹಿಂದೆ ಟಾರ್ಚ್ ಬಿಟ್ಟು, ಲೋವರ್ ಆರ್ಮ್‌ಗೆ (ಚಕ್ರವನ್ನು ಕೆಳಗಡೆಯಿಂದ ಕಾರಿನ ಮೈಗೆ ಸೇರಿಸುವ ಕಬ್ಬಿಣದ ತೋಳು) ಸ್ಟೆಬಿಲೈಜರ್ ಬಾರ್ (ಎಡಬಲ ತೋಳುಗಳನ್ನು ಜೋಡಿಸುವ ಬಾಗಿದ ಸರಳು) ಬಂದು ಸೇರುವ ಜಾಗವನ್ನು ನೋಡಿ. ಅಲ್ಲಿ ನಟ್‌ನ ಹಿಂದೆ ಎರಡು ರಬ್ಬರ್ ಬುಷ್‌ಗಳಿವೆ. ಬಾರ್ ಬುಷ್‌ನೊಳಗೆ ಬೆರಳ ದಪ್ಪ ಓಡಾಡುತ್ತಿದ್ದರೆ ನಿಮ್ಮ ಕಾಯಿಲೆ ಅಲ್ಲಿಯೇ ಸಿಕ್ಕಿತು.

800ರಲ್ಲಿ ಈ ಬಾರ್‌ಗೆ ಎರಡು ಕೆಲಸ. ತಿರುವಿನಲ್ಲಿ ಕಾರು ವಾಲದಂತೆ ತಡೆಯುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಲೋವರ್ ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿದಿಡುವುದೂ ಇದೇ ಬಾರ್. ಬೇರೆ ಅನೇಕ ಕಾರುಗಳಲ್ಲಿ ಈ ಎರಡನೆಯ ಕೆಲಸಕ್ಕೆ ಆರ್ಮ್‌ನಲ್ಲಿಯೇ ಇನ್ನೊಂದು ಕಾಲು ಇರುತ್ತದೆ, ಇಲ್ಲಿ ಇಲ್ಲ. ಹಾಗಾಗಿ ಅಂಗೈಯಲ್ಲಿ ಹಿಡಿಸುವಷ್ಟು ರಬ್ಬರ್ ಸವೆದರೆ ಗುಂಡಿಯ ಸದ್ದು, ತಿರುವಿನ ಸಡಿಲ, ಬ್ರೇಕ್ ಹಾಕಿದಾಗ ಸ್ಟೀರಿಂಗ್ ಎಳೆಯುವುದು ಎಲ್ಲವೂ ಒಟ್ಟಿಗೆ ಬರುತ್ತವೆ. ನಿಮ್ಮ ಕಾರಿಗೆ 25 ವರ್ಷ ದಾಟಿದೆ. ಆ ಬುಷ್‌ಗಳು ಮೊದಲಿನವೇ ಆಗಿದ್ದರೆ ಅವು ಈಗ ರಬ್ಬರ್ ಅಲ್ಲ, ಒಣಗಿದ ತೊಗಟೆ. ಸ್ಟ್ರಟ್‌ನ (ಮುಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದಾಗಿರುವ ಕಂಬ) ಮೇಲ್ಗಡೆಯ ಮೌಂಟಿಂಗ್ ರಬ್ಬರನ್ನೂ ಅಲ್ಲಿಯೇ ನೋಡಿಬಿಡಿ. ಬಾನೆಟ್ ಎತ್ತಿ ಮೌಂಟಿಂಗ್ ಮೇಲೆ ಕೈ ಇಟ್ಟುಕೊಂಡು ಇನ್ನೊಬ್ಬರಿಂದ ಕಾರನ್ನು ಕುಲುಕಿಸಿ; ಸದ್ದು ಅಲ್ಲಿಂದ ಬರುತ್ತಿದ್ದರೆ ಅಂಗೈಗೇ ತಿಳಿಯುತ್ತದೆ.

ಈಗ ಗಟ್ಟಿ ಸ್ಪ್ರಿಂಗ್‌ನ ವಿಚಾರ. ಕಾಯಿಲ್ ಸ್ಪ್ರಿಂಗ್‌ನ ಬಿಗಿತ ತಂತಿಯ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ. 10 ಮಿ.ಮೀ. ತಂತಿ, ಸುರುಳಿಯ ಸರಾಸರಿ ವ್ಯಾಸ 100 ಮಿ.ಮೀ., ಕೆಲಸ ಮಾಡುವ ಸುತ್ತು 5 ಎಂದಿಟ್ಟುಕೊಳ್ಳಿ. ಅದನ್ನು 1 ಮಿ.ಮೀ. ತಗ್ಗಿಸಲು ಸುಮಾರು 2 ಕೆ.ಜಿ. ಭಾರ ಬೇಕು. ಉಳಿದದ್ದೆಲ್ಲ ಹಾಗೆಯೇ ಇದ್ದು ತಂತಿ 11 ಮಿ.ಮೀ. ಆದರೆ ಸುಮಾರು 2.9 ಕೆ.ಜಿ. ಬೇಕಾಗುತ್ತದೆ. ಕಣ್ಣಿಗೆ ಕಾಣದ 1 ಮಿ.ಮೀ.ಗೆ ಬಿಗಿತ ಹತ್ತಿರ ಹತ್ತಿರ ಒಂದೂವರೆ ಪಟ್ಟು! ಗುಜರಿ ಅಂಗಡಿಯಲ್ಲಿ ‘ಇದೂ ಅದೇ ಅಳತೆ’ ಎಂದು ಕೊಡುವ ಸ್ಪ್ರಿಂಗ್ ಎತ್ತರದಲ್ಲಿ ಅದೇ ಅಳತೆಯದಾಗಿರಬಹುದು, ಬಿಗಿತದಲ್ಲಿ ಬೇರೆಯೇ ಆಗಿರಬಹುದು. ಅಂಗಡಿಗೆ ಹೋಗುವಾಗ ತಂತಿಯ ದಪ್ಪ ಅಳೆಯಲು ಕೈಯಲ್ಲೊಂದು ವರ್ನಿಯರ್ ಇರಲಿ.

ಸ್ಪ್ರಿಂಗ್ ಗಟ್ಟಿಯಾದಷ್ಟೂ ಅದು ಮರಳಿ ಚಿಮ್ಮುವ ಬಲ ಹೆಚ್ಚು. ಆ ಚಿಮ್ಮನ್ನು ಅಡಗಿಸಬೇಕಾದದ್ದು ಶಾಕ್ ಅಬ್ಸಾರ್ಬರ್. ಹಗುರ ಕಾರಿನ ಹಳೆಯ ಶಾಕ್‌ಗೆ ಆ ಶಕ್ತಿ ಇರುವುದಿಲ್ಲ. ವರ್ಷಗಳ ಹಿಂದೆ ಪರಿಚಯದವರೊಬ್ಬರ ಒತ್ತಾಯಕ್ಕೆ ಮಣಿದು ಇಂಥದೇ ಒಂದು 800ಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿಕೊಟ್ಟಿದ್ದೆ, ಶಾಕ್‌ಗಳನ್ನು ಹಾಗೆಯೇ ಬಿಟ್ಟಿದ್ದೆ. ಊರೊಳಗೆ ಕಾರು ಚೆನ್ನಾಗಿಯೇ ಓಡಿತು. ಚಾರ್ಮಾಡಿ ಇಳಿಯುವಾಗ ಒದ್ದೆ ತಿರುವಿನಲ್ಲಿ ಸಾಲು ಗುಂಡಿ ಸಿಕ್ಕಿದಾಗ ಮುಂದಿನ ಚಕ್ರಗಳು ನೆಲ ಬಿಟ್ಟು ಬಿಟ್ಟು ಕುಣಿದವು, ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೆ ಜಾರಿತು. ತಡೆಗೋಡೆಗೆ ಒಂದು ಮೊಳ ಇರುವಾಗ ನಿಂತಿತು. ಪಕ್ಕದ ಸೀಟಿನಲ್ಲಿ ನಾನೇ ಇದ್ದೆ. ಆಮೇಲೆ ಯಾರು ಕೇಳಿದರೂ ಆ ಕೆಲಸಕ್ಕೆ ನಾನು ಕೈ ಹಾಕಿಲ್ಲ. ದಪ್ಪ ಸ್ಟೆಬಿಲೈಜರ್ ಬಾರ್ ಹಾಕಿಸುವುದಕ್ಕೂ ಇದೇ ಉತ್ತರ: ಮುಂದಿನ ಬಾರ್ ಮಾತ್ರ ಬಿಗಿಯಾದರೆ ವಾಲುವುದು ಕಡಿಮೆಯಾಗುತ್ತದೆ, ಆದರೆ ಮಳೆಗಾಲದ ತಿರುವಿನಲ್ಲಿ ಮುಂದಿನ ಚಕ್ರಗಳ ಹಿಡಿತ ಮೊದಲು ತಪ್ಪುತ್ತದೆ. ನಿಮ್ಮ ದಾರಿಗೆ ಅದು ಬೇಡ.

ಹಾಗೆಂದು ಗುಜರಿಯೇ ಬೇಡ ಎಂದು ನಾನು ಹೇಳುವುದಿಲ್ಲ. 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಒಳ್ಳೆಯ ಕಬ್ಬಿಣದ ಭಾಗಗಳು ಇಂದಿಗೂ ಬೆಂಗಳೂರಿನ ಶಿವಾಜಿನಗರದ ಓಣಿಗಳಲ್ಲಿಯೋ ನಿಮ್ಮ ಜಿಲ್ಲೆಯ ಗುಜರಿಗಳಲ್ಲಿಯೋ ಇವೆ, ಮತ್ತು ಅವು ಕರಗಿ ಹೋಗುವುದಕ್ಕಿಂತ ಒಂದು ಕಾರಿನಲ್ಲಿ ಓಡಾಡುವುದು ನನಗೆ ಇಷ್ಟ. ನಾನು ಪಾಲಿಸುವ ನಿಯಮ ಇಷ್ಟೆ: ಕಬ್ಬಿಣ ಹಳೆಯದಾಗಬಹುದು, ರಬ್ಬರ್, ಎಣ್ಣೆ ತುಂಬಿದ ಭಾಗ, ಬಾಲ್ ಜಾಯಿಂಟ್ ಹೊಸದೇ ಆಗಬೇಕು. ಲೋವರ್ ಆರ್ಮ್, ಸ್ಟೆಬಿಲೈಜರ್ ಬಾರ್, ಸ್ಟೀರಿಂಗ್ ನಕಲ್ (ಮುಂದಿನ ಚಕ್ರ ಕೂರುವ, ಸ್ಟೀರಿಂಗ್ ಜೊತೆ ತಿರುಗುವ ಭಾಗ), ಹಿಂದಿನ ಟ್ರೇಲಿಂಗ್ ಆರ್ಮ್, 800ರದ್ದೇ ಆದ ಸ್ಪ್ರಿಂಗ್‌ಗಳನ್ನು ಗುಜರಿಯಿಂದ ಧೈರ್ಯವಾಗಿ ತರಬಹುದು.

ತರುವ ಮೊದಲು ಆ ಕಾರು ಹೇಗೆ ಸತ್ತಿತು ಎಂದು ಕೇಳಿ. ಮುಂದಿನಿಂದ ಗುದ್ದಿಸಿಕೊಂಡ ಕಾರಿನ ಮುಂಭಾಗದ ಯಾವ ಭಾಗವನ್ನೂ ತೆಗೆದುಕೊಳ್ಳಬೇಡಿ. ಹಿಂದಿನಿಂದ ಗುದ್ದಿಸಿಕೊಂಡ ಅಥವಾ ಎಂಜಿನ್ ಕೆಟ್ಟು ಗುಜರಿಗೆ ಬಂದ ಕಾರಿನ ಮುಂಭಾಗ ನಿಮಗೆ ಬೇಕಾದದ್ದು. ನಂಬರ್ ಫಲಕ ಉಳಿದಿದ್ದರೆ ಅದನ್ನೂ ಓದಿ. ಕೆಎ 19, ಕೆಎ 20 ಎಂದರೆ ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಬಾಳಿದ ಕಾರು. ಅದರ ತಳವನ್ನು ಎರಡು ಸಲ ನೋಡಬೇಕು. ಚಿತ್ರದುರ್ಗ, ಬಳ್ಳಾರಿಯ ಕಡೆಯ ಒಣಹವೆಯ ಕಾರು ಸಿಕ್ಕರೆ ನಾನು ಸ್ವಲ್ಪ ಹೆಚ್ಚು ಬೆಲೆ ಕೊಟ್ಟಾದರೂ ತರುತ್ತೇನೆ. ಲೋವರ್ ಆರ್ಮ್‌ಗಳನ್ನು ಎಡಬಲ ಎರಡನ್ನೂ ಕಲ್ಲುಹಾಸಿನ ಮೇಲೆ ಮಲಗಿಸಿ ಹೋಲಿಸಿ, ಬಾಗಿದ್ದು ಕೂಡಲೇ ಕಾಣುತ್ತದೆ. ಸ್ಪ್ರಿಂಗ್‌ಗಳನ್ನು ಒಂದೇ ಕಾರಿನ ಜೋಡಿಯಾಗಿಯೇ ತನ್ನಿ, ಅಕ್ಕಪಕ್ಕ ನಿಲ್ಲಿಸಿ ಎತ್ತರ ನೋಡಿ. ಕೆಳಗಿನ ಸುತ್ತಿನಲ್ಲಿ ಕೆಸರು ಕೂರುವ ಜಾಗವನ್ನು ತಂತಿ ಬ್ರಷ್‌ನಿಂದ ಉಜ್ಜಿ, ಉಗುರು ಎಳೆಯಿರಿ. ತುಕ್ಕಿನ ಗುಳಿಗೆ ಉಗುರು ಸಿಕ್ಕಿಕೊಂಡರೆ ಬಿಟ್ಟುಬಿಡಿ. ಸ್ಪ್ರಿಂಗ್ ಮುರಿಯುವುದು ಅಂಥ ಗುಳಿಯಿಂದಲೇ. ಕಾರಿನ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ, ಕಳವಿನ ಮಾಲು ನಿಮ್ಮ ತಲೆಗೆ ಬರಬಾರದು.

ಹಣವನ್ನು ಹೀಗೆ ಹಂಚುತ್ತೇನೆ. ಮೊದಲು ಬಾರ್‌ನ ಮತ್ತು ಆರ್ಮ್‌ನ ಎಲ್ಲ ಬುಷ್‌ಗಳು, ಸ್ಟ್ರಟ್ ಮೌಂಟಿಂಗ್‌ಗಳು, ಬಾಲ್ ಜಾಯಿಂಟ್‌ಗಳು. ಆಮೇಲೆ ಹೊಸ ಶಾಕ್ ಅಬ್ಸಾರ್ಬರ್, ಮೊದಲು ಮುಂದಿನ ಎರಡೂ. ಹಿಂದಿನವಕ್ಕೆ ಹಣ ಸಾಲದಿದ್ದರೆ ನಾಲ್ಕು ತಿಂಗಳು ತಡೆಯಿರಿ, ಆದರೆ ಒಂದು ಬದಿಗೆ ಹೊಸದು ಇನ್ನೊಂದು ಬದಿಗೆ ಹಳೆಯದು ಎಂದು ಎಂದೂ ಮಾಡಬೇಡಿ. ಆರ್ಮ್, ಸ್ಪ್ರಿಂಗ್ ನಿಜವಾಗಿ ಕೆಟ್ಟಿದ್ದರೆ ಮಾತ್ರ ಗುಜರಿಯ ಮಾತು. ಅಲೈನ್‌ಮೆಂಟ್‌ಗೆ ಬೇಕಾದ ಹಣವನ್ನು ಮೊದಲೇ ತೆಗೆದಿಡಿ. ಸ್ಟ್ರಟ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ಬಿಟ್ಟರೆ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ.

ಗ್ಯಾರೇಜಿನಲ್ಲಿ ನೀವೇ ನಿಂತು ನೋಡಬೇಕಾದ ಒಂದು ಸಂಗತಿ ಇದೆ. ಆರ್ಮ್‌ಗಳ ಬುಷ್ ಬೋಲ್ಟ್‌ಗಳನ್ನು ಕಾರು ಜ್ಯಾಕ್ ಮೇಲೆ ತೂಗುತ್ತಿರುವಾಗ ಪೂರ್ತಿ ಬಿಗಿಯಬಾರದು. ಕೈಬಿಗಿ ಮಾಡಿ, ಕಾರನ್ನು ಚಕ್ರದ ಮೇಲೆ ಇಳಿಸಿ, ಎರಡು ಸಲ ಕುಲುಕಿ, ಆಮೇಲೆ ಕೊನೆಯ ಬಿಗಿ. ತೂಗುವಾಗಲೇ ಬಿಗಿದರೆ ಕಾರು ಇಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ವರ್ಷದೊಳಗೆ ಹರಿಯುತ್ತದೆ. ಅವಸರದ ಗ್ಯಾರೇಜುಗಳಲ್ಲಿ ಇದು ದಿನವೂ ತಪ್ಪುತ್ತದೆ, ಕೊನೆಗೆ ದೂರು ‘ಬುಷ್ ಡೂಪ್ಲಿಕೇಟ್’ ಎಂದಾಗುತ್ತದೆ. ಸ್ಟ್ರಟ್‌ನಿಂದ ಸ್ಪ್ರಿಂಗ್ ಬಿಚ್ಚುವುದನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಮೇಲೆ ಲೆಕ್ಕ ಹಾಕಿದ ಸ್ಪ್ರಿಂಗನ್ನು 100 ಮಿ.ಮೀ. ಅದುಮಿಟ್ಟರೆ ಅದರೊಳಗೆ 200 ಕೆ.ಜಿ. ಬಲ ಕುಳಿತಿರುತ್ತದೆ. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಬಿಚ್ಚಿದರೆ ಅದು ಮುಖಕ್ಕೇ ಬರುತ್ತದೆ.

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡುಗಳನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. 15 ವರ್ಷ ದಾಟಿದ ನಿಮ್ಮ ಕಾರು ನೋಂದಣಿ ನವೀಕರಣಕ್ಕೆ ಪರಿವೀಕ್ಷಕರ ಮುಂದೆ ನಿಲ್ಲಬೇಕಾದದ್ದೇ. 800ಕ್ಕೆ 800ರದ್ದೇ ಭಾಗ ಹಾಕಿದರೆ ಅಲ್ಲಿ ಅಳುಕಬೇಕಿಲ್ಲ.

ಪ್ರಶ್ನೆ: ಕಾರು ತಗ್ಗಿ ಬಿಗಿಯಾಗಲೆಂದು ಸ್ಪ್ರಿಂಗ್‌ನ ಒಂದು ಸುತ್ತು ಕತ್ತರಿಸುವುದು ಎಷ್ಟು ಸರಿ? ಖರ್ಚೇ ಇಲ್ಲವಲ್ಲ.
– ಓದುಗರು, ದಾವಣಗೆರೆ

ಉತ್ತರ: ಸರಿಯಲ್ಲ. ಕೆಲಸ ಮಾಡುವ 6 ಸುತ್ತಿನಲ್ಲಿ ಒಂದನ್ನು ತೆಗೆದರೆ ಬಿಗಿತ ಶೇ 20ರಷ್ಟು ಏರುತ್ತದೆ, ಆದರೆ ಚಕ್ರ ಮೇಲೆ ಹೋಗಲು ಇದ್ದ ಜಾಗ ಕುಗ್ಗುತ್ತದೆ, ರಸ್ತೆಯ ಪ್ರತಿ ಉಬ್ಬಿಗೂ ಶಾಕ್ ತಳ ಮುಟ್ಟುತ್ತದೆ. ಚಕ್ರ ಪೂರ್ತಿ ಕೆಳಗೆ ಜೋತಾಗ ಗಿಡ್ಡ ಸ್ಪ್ರಿಂಗ್ ತನ್ನ ಪೀಠ ಬಿಟ್ಟು ಸರಿಯಬಹುದು. ಗ್ಯಾಸ್‌ನಿಂದ ಕತ್ತರಿಸಿದರಂತೂ ಸುತ್ತಲಿನ ಉಕ್ಕಿನ ಹದವೇ ಹೋಗುತ್ತದೆ. ಖರ್ಚು ಆಮೇಲೆ ಬರುತ್ತದೆ, ಶಾಕ್ ಅಬ್ಸಾರ್ಬರ್ ರೂಪದಲ್ಲಿ.

ಪ್ರಶ್ನೆ: ಹೊಸ ಶಾಕ್‌ಗೆ ಹಣವಿಲ್ಲ. ಹಿಂದಿನ ಚಕ್ರಗಳಿಗೆ ಗುಜರಿಯ ಶಾಕ್ ತರಲೇಬೇಕಾಗಿದೆ. ಅಂಗಡಿಯಲ್ಲಿಯೇ ಪರೀಕ್ಷಿಸುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ತರಬೇಡಿ ಎಂದೇ ಹೇಳುತ್ತೇನೆ. ಬೇರೆ ದಾರಿಯೇ ಇಲ್ಲದಿದ್ದರೆ ಹೀಗೆ ನೋಡಿ. ಮಲಗಿಸಿಟ್ಟ ಶಾಕ್‌ನೊಳಗೆ ಗಾಳಿ ಎಣ್ಣೆಯ ಜಾಗಕ್ಕೆ ಬಂದಿರುತ್ತದೆ. ಕಾರಿನಲ್ಲಿ ನಿಲ್ಲುವಂತೆಯೇ ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಎಳೆದು ಪೂರ್ತಿ ಒತ್ತಿ. ಆಮೇಲಿನ ಎಳೆತದಲ್ಲಿ ಕೈಗೆ ಒಂದೇ ಸಮನಾದ ತಡೆ ಸಿಗಬೇಕು, ಒತ್ತುವುದಕ್ಕಿಂತ ಎಳೆಯುವುದು ಕಷ್ಟವಾಗಿರಬೇಕು. ನಡುವೆ ಎಲ್ಲಿಯಾದರೂ ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಖಾಲಿ ಜಾರಿದರೆ ಒಳಗಿನ ವಾಲ್ವ್ ಹೋಗಿದೆ. ಗ್ಯಾಸ್ ತುಂಬಿದ ಶಾಕ್ ಆದರೆ ಒತ್ತಿ ಬಿಟ್ಟ ದಂಡ ತಾನಾಗಿ ನಿಧಾನವಾಗಿ ಮೇಲೇರಬೇಕು. ಒತ್ತಿದಲ್ಲಿಯೇ ಕುಳಿತರೆ ಗ್ಯಾಸ್ ಇಲ್ಲ. ಹೊಳೆಯುವ ದಂಡವನ್ನು ಬಿಸಿಲಿಗೆ ಹಿಡಿದು ಉಗುರಾಡಿಸಿ. ಸಣ್ಣ ತುಕ್ಕಿನ ಚುಕ್ಕಿ ಕೂಡ ಎಣ್ಣೆಯ ಸೀಲನ್ನು ಗರಗಸದಂತೆ ಕೊಯ್ಯುತ್ತದೆ. ಮೈಮೇಲೆ ಎಣ್ಣೆಯ ತೆಳು ಪಸೆ ಇದ್ದರೆ ಪರವಾಗಿಲ್ಲ, ಧೂಳು ಅಂಟಿ ಕಪ್ಪು ಮೆತ್ತಿದ್ದರೆ ಸೋರಿಕೆ. ಹೊಸದಾಗಿ ತೊಳೆದು ಕಪ್ಪು ಬಣ್ಣ ಹೊಡೆದಿಟ್ಟ ಶಾಕನ್ನು ಮುಟ್ಟಲೇಬೇಡಿ. ಕೊಳೆ ಇರುವುದನ್ನೇ ಆರಿಸಿ ನೀವೇ ಒರೆಸಿ ನೋಡಿ.